ಟಿಕೆಟ್ ಇಲ್ಲದವನ ಹಾಗೆ ನಟಿಸಬೇಕು

ನಮ್ಮ ಕಾಕಾನ ಮಾತು ಕೇಳಿ ನಟರಾದವರು ಇದುವರೆಗೆ ಒಬ್ಬರೂ ಇಲ್ಲ. ಕೇಳಿ ನಟನೆಯನ್ನೇ ಬಿಟ್ಟವರು ಏಳು ಮಂದಿ ಇದ್ದಾರೆ! ಎಂಟನೆಯವಳು ನಾನಾಗಬೇಕಿತ್ತು, ಸ್ವಲ್ಪದರಲ್ಲಿ ತಪ್ಪಿತು. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಎರಡು ತಿಂಗಳು ಕಾದೆ. ಅದು ಇಳಿಯುವ ಲಕ್ಷಣ ಕಾಣಲಿಲ್ಲ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಮದುವೆಯಾಗಲಿಲ್ಲ. ವಿಜಯಪುರದಿಂದ ಟಿಕೋಟಾಕ್ಕೆ, ಬಬಲೇಶ್ವರಕ್ಕೆ ಹೋಗುವ ಬಸ್ಸುಗಳಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದು, ನಿವೃತ್ತರಾಗಿ, ಈಗ ಜಲನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ನಿವೃತ್ತಿಯಾದದ್ದು ಇಲಾಖೆಯ ಕಾಗದದಲ್ಲಿ ಮಾತ್ರ. ಕೊರಳಲ್ಲಿ ಸೀಟಿ ಇನ್ನೂ ಇದೆ. ಬೆಳಿಗ್ಗೆ ಚಹಾ ತಡವಾದರೆ ಅಡಿಗೆಮನೆಗೆ ಕೇಳುವ ಹಾಗೆ ಒಂದು ಸೀಟಿ. ಚಹಾ ಬಂದ ಮೇಲೆ ಎರಡು ಸೀಟಿ, ಅಂದರೆ ಅವ್ವ ಇನ್ನು ಮುಂದಕ್ಕೆ ಹೋಗಬಹುದು! ಇಪ್ಪತ್ತೈದು ವರ್ಷಗಳಿಂದ ನಮ್ಮವ್ವ ಇದನ್ನು ಹೇಗೆ ಸಹಿಸಿದ್ದಾಳೆ ಎಂಬುದು ನನಗೆ ಗೊತ್ತಿಲ್ಲ.

ಇಷ್ಟೇ ಆಗಿದ್ದರೆ ನಾನೂ ಸಹಿಸುತ್ತಿದ್ದೆ. ಆದರೆ ಕಾಕಾನಿಗೆ ಇನ್ನೊಂದು ಉದ್ಯೋಗವಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಹುಡುಗರು ನಾಟಕ ಆಡಿದಾಗಲೆಲ್ಲ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಪಾತ್ರಧಾರಿ ಮಾತು ಮರೆತರೆ ಎತ್ತಿಕೊಡುವವರು ಇವರೇ. ಪ್ರಾಂಪ್ಟರ್ ಎನ್ನುತ್ತಾರಲ್ಲ, ಅದು. ಪ್ರಾಂಪ್ಟರನ ಮಾತು ಪಾತ್ರಧಾರಿಗೆ ಕೇಳಬೇಕು, ಜನರಿಗೆ ಕೇಳಬಾರದು. ನಮ್ಮ ಕಾಕಾನ ಗಂಟಲು ‘ಟಿಕೋಟಾ ಯಾರ್ರೀ ಟಿಕೋಟಾ’ ಎಂದು ಬಸ್ಸಿನ ಟಾಪ್ ಮೇಲೆ ಕುಳಿತವರಿಗೂ ಕೇಳಿಸಿ ಪಳಗಿದ ಗಂಟಲು! ಅವರು ಮಾತು ಎತ್ತಿಕೊಟ್ಟರೆ ಕೊನೆಯ ಸಾಲಿನಲ್ಲಿ ನಿದ್ದೆ ಮಾಡುತ್ತಿದ್ದವನೂ ಎದ್ದು ಕೂರುತ್ತಿದ್ದ. ಹೀರೊ ಉಸಿರು ಎಳೆದುಕೊಳ್ಳಲು ಒಂದು ಗಳಿಗೆ ನಿಂತರೂ ಸಾಕು, ಪರದೆಯ ಹಿಂದಿನಿಂದ ಅವನ ಮಾತು ಗುಡುಗುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು, ಪರದೆಗೆ! ಹೀರೊ ಅಂಟು ಮೀಸೆ ಕಿತ್ತು ಜೇಬಿಗೆ ಹಾಕಿಕೊಂಡು ಮನೆಗೆ ಹೋಗುತ್ತಿದ್ದ. ಹೀಗೆ ಹೋದವರು ಏಳು ಮಂದಿ. ಒಬ್ಬ ಈಗ ಜೆಸಿಬಿ ಓಡಿಸುತ್ತಾನೆ, ಒಬ್ಬನದು ಸೊಲ್ಲಾಪುರ ರಸ್ತೆಯಲ್ಲಿ ಬ್ಯಾಟರಿ ಅಂಗಡಿ, ಒಬ್ಬ ಪಂಚಾಯಿತಿ ಮೆಂಬರ್ ಆಗಿದ್ದಾನೆ. ಆ ಮೆಂಬರ್ ಮಾತ್ರ ನಟನೆ ಬಿಟ್ಟಿಲ್ಲ ಎನ್ನುವವರೂ ಇದ್ದಾರೆ.

ಇಂಥವರ ಮನೆಯಲ್ಲಿ ಹುಟ್ಟಿ ನಾನು ನಟಿಯಾಗಬೇಕು ಎಂದುಕೊಂಡೆ. ತಪ್ಪೇ? ಜಲನಗರದ ಒಂದು ದವಾಖಾನೆಯಲ್ಲಿ ಬಿಲ್ಲು ಬರೆಯುವ ಕೆಲಸ ನನ್ನದು. ಬಿಲ್ಲು ಬರೆಯುತ್ತಲೇ ಬಾಯೊಳಗೆ ಮಾತು ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಮನೆಯಲ್ಲಿ ಬಾಯಿ ಬಿಟ್ಟು ಹೇಳಿದೆ. ಅಲ್ಲಿಂದ ಶುರುವಾಯಿತು ನೋಡಿ ಸಲಹೆಗಳ ಸುರಿಮಳೆ! ಎದುರುಮನೆಯ ಆಂಟಿ ತೆಳ್ಳಗಾಗು ಎಂದರು. ಅವರ ತಂಗಿ ದಪ್ಪಗಾಗು ಎಂದರು. ಆಟೋದವನು, ‘ನಮ್ಮ ಮಾವನ ಮಗ ಬೆಂಗಳೂರಾಗ ಶೂಟಿಂಗ್‌ನವರಿಗೆ ಊಟ ಬಡಸ್ತಾನ್ರಿ, ಹೇಳಲೇನ್ರಿ?’ ಎಂದ. ಅಪ್ಪ ಪೇಪರು ಮಡಿಸಿಟ್ಟು, ‘ಮಂದಿ ಏನಂತಾರ?’ ಎಂದರು. ಬದುಕಿನಲ್ಲಿ ಒಂದು ಸಲವೂ ಬಣ್ಣ ಹಚ್ಚದವರೆಲ್ಲ ಬಣ್ಣದ ಬದುಕಿಗೆ ದಾರಿ ತೋರಿಸುತ್ತಾರಲ್ಲ, ನನಗೆ ಮೈ ಉರಿಯುತ್ತದೆ!

ಕಾಕಾ ಎಲ್ಲ ಕೇಳಿ ಒಂದೇ ಮಾತು ಹೇಳಿದರು.

‘ನಟನೆ ಕಲೀಬೇಕೇನಬೇ? ಹಂಗಾರ ಟಿಕೆಟ್ ಇಲ್ಲದವರ ಕಡೆ ಕಲಿ.’

‘ಏನಂದ್ರಿ?’

‘ಮೂವತ್ತ ವರ್ಷ ನೋಡೀನಿ. ಟಿಕೆಟ್ ತಗೀದ ಬಸ್ಸಿನ್ಯಾಗ ಕುಂತವ ಇರ್ತಾನಲ್ಲ, ಅವನಕಿಂತ ದೊಡ್ಡ ನಟ ಯಾವನೂ ಇಲ್ಲ. ಕಿಸೆ ತಡವಿಕೊಂಡವನ್ನ ಹಿಡದೀನಿ. ಕೆಮ್ಮಿದವನ್ನ ಹಿಡದೀನಿ. ನಿದ್ದಿ ಬಂದಂಗ ಮಾಡಿದವನ್ನಂತೂ ಕಿವಿ ಹಿಡದ ಎಬ್ಬಿಸೀನಿ. ಸುಮ್ಮ ಕಿಟಕಿ ಹೊರಗ ನೋಡಕೋತ ಕುಂತವ ಮಾತ್ರ ಪಾರಾಗಿ ಹೋಗ್ಯಾನ. ಏನೂ ಮಾಡಬಾರದು, ತಿಳೀತಿಲ್ಲೊ? ಏನೂ!’

ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ ಆದದ್ದರಿಂದ ಅರ್ಧ ನಾಡಿನ ಅಭಿನಯ ಕಲೆಯೇ ಹಾಳಾಗಿ ಹೋಯಿತು ಎಂಬುದು ಅವರ ದೊಡ್ಡ ಕೊರಗು. ಇರಲಿ. ಮಾರನೆಯ ಭಾನುವಾರ ನನ್ನನ್ನು ಟಿಕೋಟಾ ಬಸ್ಸಿಗೆ ಹತ್ತಿಸಿ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಕಂಡಕ್ಟರ್ ನನಗೆ ಸೊನ್ನೆ ಟಿಕೆಟ್ ಕೊಟ್ಟು, ಹಳೇ ಪರಿಚಯದ ಕಾಕಾನಿಗೆ ನಮಸ್ಕಾರ ಹೇಳಿ ಮುಂದೆ ಹೋದ. ಬಸ್ಸು ಊರು ದಾಟುವುದರೊಳಗೆ ಕಾಕಾ ಪಾಠ ಶುರುಮಾಡಿದರು. ‘ಅಲ್ನೋಡು, ಮೂರನೇ ಸೀಟು, ನೀಲಿ ಅಂಗಿ. ತಗದಿಲ್ಲ ಅಂವ. ಕುತ್ತಿಗಿ ನೋಡು, ಎಷ್ಟ ಬಿಗಿ ಹಿಡದಾನ!’ ಅವರ ಗುಟ್ಟಿನ ಮಾತು ಎಂದರೆ ಡ್ರೈವರಿಗೂ ಕೇಳುತ್ತದೆ. ನೀಲಿ ಅಂಗಿಯವನು ಎದ್ದು ನಿಂತು ಟಿಕೆಟ್ ತೋರಿಸಿ ಜಗಳಕ್ಕೆ ಬಂದ.

ಅದೇ ಹೊತ್ತಿಗೆ ಬಸ್ಸು ನಿಂತಿತು. ಚೆಕಿಂಗ್‌ನವರು ಹತ್ತಿದರು. ಒಬ್ಬೊಬ್ಬರನ್ನೇ ನೋಡುತ್ತ ಹಿಂದಕ್ಕೆ ಬಂದು ಕಾಕಾನ ಮುಂದೆ ಕೈ ಚಾಚಿದರು. ಕಾಕಾನ ಮುಖ ಬಿಳಿಚಿಕೊಂಡಿತು. ಟಿಕೆಟ್ ಕೊಡುವುದು ತನ್ನ ಕೆಲಸ, ತೆಗೆಯುವುದು ಮಂದಿಯ ಕೆಲಸ ಎಂದು ಮೂವತ್ತು ವರ್ಷ ಓಡಾಡಿದ ಮನುಷ್ಯ! ಬಸ್ಸಿನಲ್ಲಿ ಟಿಕೆಟ್ ತೆಗೆಯಬೇಕು ಎಂಬುದೇ ಅವರಿಗೆ ಹೊಳೆದಿರಲಿಲ್ಲ. ಆಗ ನಮ್ಮ ಕಾಕಾ ಏನು ಮಾಡಿದರು ಗೊತ್ತೇ? ಕಿಸೆ ತಡವಿಕೊಂಡರು. ಕೆಮ್ಮಿದರು. ಕಣ್ಣು ಮುಚ್ಚಿದರು!

ದಂಡ ಕಟ್ಟಿ ಟಿಕೋಟಾದಲ್ಲಿ ಇಳಿದೆವು. ನೀಲಿ ಅಂಗಿಯವನು ಸ್ಟ್ಯಾಂಡ್ ತುಂಬ ಹೇಳಿಕೊಂಡು ನಗುತ್ತಿದ್ದ. ನಾನು ನಾಚಿಕೆಯಿಂದ ಸೆರಗು ಮುಖಕ್ಕೆ ಎಳೆದುಕೊಂಡಿದ್ದೆ. ಕಾಕಾ ಮಾತ್ರ ಗೆದ್ದವರಂತೆ ಬೆರಳೆತ್ತಿ ಹೇಳಿದರು: ‘ನೋಡಿದೇನು? ಹೆಚ್ಚ ಮಾಡಿದೆ. ಅದಕ್ಕ ಸಿಕ್ಕಬಿದ್ದೆ. ಬರಕೋ ಇದನ್ನ!’

ಎರಡನೆಯ ಪಾಠ ಗೋಳಗುಮ್ಮಟದಲ್ಲಿ. ಅಷ್ಟೂ ಮೆಟ್ಟಿಲು ಹತ್ತಿಸಿ, ಮೇಲಿನ ಗ್ಯಾಲರಿಯಲ್ಲಿ ನನ್ನನ್ನು ಒಂದು ಕಡೆ ನಿಲ್ಲಿಸಿ, ತಾವು ಎದುರು ಬದಿಗೆ ಹೋಗಿ ಗೋಡೆಗೆ ಕಿವಿಯಿಟ್ಟು ಕುಳಿತರು. ನಾನು ಗೋಡೆಗೆ ಬಾಯಿಟ್ಟು, ‘ಅಪ್ಪಾ, ನನ್ನನ್ನು ಕ್ಷಮಿಸು’ ಎಂದು ಕರುಳು ಹಿಂಡುವ ಹಾಗೆ ಹೇಳಬೇಕು. ಹೇಳಿದೆ. ಕಾಕಾ ಆ ಕಡೆಯಿಂದ ಅಂದರು: ‘ಸುಳ್ಳು!’

ಗುಮ್ಮಟ ಸುಮ್ಮನಿರುತ್ತದೆಯೇ? ಸುಳ್ಳು, ಸುಳ್ಳು, ಸುಳ್ಳು ಎಂದು ಏಳು ಸಲ ಹೇಳಿತು. ನನ್ನ ಪಕ್ಕದಲ್ಲೇ ಪ್ರವಾಸಕ್ಕೆ ಬಂದ ಗಂಡಸೊಬ್ಬ ಹೆಂಡತಿಗೆ, ನಿನ್ನೆ ಫೋನ್ ಯಾಕೆ ಎತ್ತಲಿಲ್ಲ ಎಂದು ವಿವರಿಸುತ್ತಿದ್ದ. ಹೆಂಡತಿ ಮೇಲೆ ನೋಡಿದಳು, ಆಮೇಲೆ ಅವನನ್ನು ನೋಡಿದಳು. ಆ ಸಂಸಾರ ಮುಂದೆ ಏನಾಯಿತೋ! ನಾನು ಹನ್ನೊಂದು ಸಲ ಕ್ಷಮೆ ಕೇಳಿದೆ, ಹನ್ನೊಂದು ಸಲವೂ ‘ಸುಳ್ಳು’ ಬಂತು. ಕಾವಲಿನವನು ಬಂದು ಇಬ್ಬರನ್ನೂ ಕೆಳಗೆ ಕಳಿಸಿದ. ಮೆಟ್ಟಿಲು ಇಳಿಯುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ‘ನಿಮ್ಮ ಕೂಡ ಬಂದದ್ದ ನಂದ ತಪ್ಪು ನೋಡ್ರಿ!’ ಎಂದು ಚೀರಿದೆ. ಕಾಕಾ ತಟ್ಟನೆ ನಿಂತು ತಿರುಗಿದರು. ‘ಹಾಂ, ಇದು ಖರೇ’ ಎಂದರು.

ಮೂರನೆಯದು ಪಾಠವಲ್ಲ, ಅನ್ಯಾಯ. ಸೊಲ್ಲಾಪುರ ರಸ್ತೆಯಲ್ಲಿ ಟೈರ್ ಅಂಗಡಿಯ ಮೇಲೆ ನಟನೆ ಕಲಿಸುವ ಒಂದು ಕ್ಲಾಸು ಶುರುವಾಗಿತ್ತು. ಸೇರಿದೆ. ಅಲ್ಲಿಯ ಸರ್ ‘ಒಂದು’ ಎಂದರೆ ನಾವು ಸಂತೋಷದ ಮುಖ ಮಾಡಬೇಕು, ‘ಎರಡು’ ಎಂದರೆ ದುಃಖ, ‘ಮೂರು’ ಎಂದರೆ ಆಶ್ಚರ್ಯ. ನನ್ನನ್ನು ಬಿಡಲು ಬಂದ ಕಾಕಾ ಹಿಂದೆ ಸ್ಟೂಲ್ ಮೇಲೆ ಕುಳಿತಿದ್ದರು. ‘ಎರಡು!’ ಎಂದರು ಸರ್. ಹನ್ನೆರಡು ಮಂದಿ ತುಟಿ ಜೋಲಿಸಿದೆವು. ಹಿಂದಿನಿಂದ ಸೀಟಿ ಕೇಳಿಸಿತು.

‘ಮಾಸ್ತರ್ರ, ತಪ್ಪ ತಿಳೀಬ್ಯಾಡ್ರಿ. ಸತ್ತ ಸುದ್ದಿ ಕೇಳಿ ಬಸ್ ಹತ್ತಿದವರನ್ನ ನಾ ಭಾಳ ಮಂದೀನ ನೋಡೀನಿ. ಒಬ್ಬರೂ ಹಿಂಗ ಮಾರಿ ಮಾಡಿಲ್ರಿ. ನಮ್ಮೂರ ಬಂತೇನ್ರಿ, ನಮ್ಮೂರ ಬಂತೇನ್ರಿ ಅಂತ ಕೇಳ್ತಾರ, ಅಷ್ಟ.’

ಸರ್ ನನ್ನ ಕಡೆ ತಿರುಗಿ ನಾಳೆಯಿಂದ ಬರಬೇಡ ಎಂದರು. ಕಾಕಾ ಹೇಳಿದ್ದು ಸರಿಯೋ ತಪ್ಪೋ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನಗಿದ್ದದ್ದು ಒಂದೇ ಬಾಗಿಲು, ಅದನ್ನೂ ಮುಚ್ಚಿಸಿದರಲ್ಲ! ಮನೆಗೆ ಬರುವವರೆಗೆ ಹಲ್ಲು ಕಚ್ಚಿ ನಡೆದೆ.

ಆಗ ಬಂತು ಬಬಲೇಶ್ವರದ ಕರೆ. ಅಲ್ಲಿನ ಹುಡುಗರು ನಾಟಕ ಹಾಕಿದ್ದರು. ಎಲ್ಲ ಊರಲ್ಲೂ ಆಡುವಂಥ ಅಣ್ಣ ತಂಗಿಯರ ಕಥೆ. ನಮ್ಮ ಕಡೆ ಇಂಥ ನಾಟಕಗಳಲ್ಲಿ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ, ಊರ ಮನೆಗಳ ಹುಡುಗಿಯರು ಸ್ಟೇಜು ಹತ್ತುವುದಿಲ್ಲ. ತಂಗಿಯ ಪಾತ್ರದವರು ಬರುವುದಿಲ್ಲ ಎಂದು ತಿಳಿಸಿದ್ದರಂತೆ. ನಾನು ಮಾಡುತ್ತೇನೆ ಎಂದೆ. ಅಪ್ಪ ಮೂರು ದಿನ ಊಟಕ್ಕೆ ನನ್ನ ಜೊತೆ ಕೂರಲಿಲ್ಲ. ಆದರೂ ನಾನು ಬಿಡಲಿಲ್ಲ, ಯಾಕೆಂದರೆ ಒಂದು ಧಾರಾವಾಹಿಗೆ ನಮ್ಮ ಕಡೆಯ ಮಾತಾಡುವ ಹುಡುಗಿ ಬೇಕೆಂದು ಬೆಂಗಳೂರಿನಿಂದ ಒಬ್ಬರು ಈ ಭಾಗದಲ್ಲಿ ಸುತ್ತುತ್ತಿದ್ದರು. ಅವರು ಈ ನಾಟಕಕ್ಕೆ ಬರುತ್ತಾರೆ ಎಂಬುದು ಖಾತ್ರಿಯಾಗಿತ್ತು. ನನ್ನ ಬದುಕಿನ ಒಂದೇ ಅವಕಾಶ. ಪ್ರಾಂಪ್ಟರ್ ಯಾರು? ಬೇರೆ ಯಾರು ಇರುತ್ತಾರೆ!

ತಾಲೀಮು ನಡೆದ ದಿನಗಳಲ್ಲಿ ಕಾಕಾ ಒಂದೂ ಸಲಹೆ ಕೊಡಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಿದ್ದರು, ಅಷ್ಟೆ. ನಾಟಕದ ದಿನ ನಾನೇ ಹೋಗಿ ಹೇಳಿದೆ.

‘ಕಾಕಾ, ಮರೆತ್ರ ನಿಮ್ಮ ಕಡೆ ನೋಡ್ತೇನಿ. ಸಣ್ಣ ದನಿ ತಗದು ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೇನಿ, ಟಿಕೋಟಾ ಅಂದಂಗ ಒದರಬ್ಯಾಡ್ರಿ.’

‘ಹೋಗು, ಬಣ್ಣ ಹಚಗೋ ಹೋಗು’ ಎಂದರು.

ಹತ್ತಕ್ಕೆ ಮೈಕು ಬಂದ್ ಮಾಡಬೇಕೆಂಬ ತಾಕೀತು ಇದ್ದದ್ದರಿಂದ ಸಂಜೆ ಆರಕ್ಕೇ ಪರದೆ ಎದ್ದಿತು. ಮುಂದಿನ ಸಾಲಿನಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಟೋಪಿ ಹಾಕಿಕೊಂಡು, ಬೆಂಗಳೂರಿನವರು. ಮೂರು ದೃಶ್ಯ ಚೆನ್ನಾಗಿ ಹೋದವು. ನಾಲ್ಕನೆಯದು ನನ್ನ ದೊಡ್ಡ ದೃಶ್ಯ. ಅಣ್ಣ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾನೆ, ನಾನು ಹೊಸ್ತಿಲಲ್ಲಿ ನಿಂತು ಒಂದು ಪುಟದ ಮಾತು ಆಡಬೇಕು. ‘ಅಣ್ಣಾ’ ಎಂದು ಬಾಯಿ ತೆರೆದೆ.

ಹಾರ್ಮೋನಿಯಂ ಪೇಟಿ ನಿಂತಿತು. ಮೈಕು ಗರಗರ ಅಂದಿತು. ‘ಅಣ್ಣನ ಪಾತ್ರಧಾರಿಗೆ ಅವರ ಮಾವನವರಿಂದ ಟಾವೆಲ್ ಮತ್ತು ಟೋಪಿಯ ಆಹೇರಿ!’

ಆಹೇರಿ ನಮ್ಮಲ್ಲಿ ಬಿಡಲಾಗದ ಪದ್ಧತಿ. ನಾಟಕ ನಡೆದಾಗಲೇ ಬೀಗರು ಬಿಜ್ಜರು ಸ್ಟೇಜು ಹತ್ತಿ ಪಾತ್ರಧಾರಿಗೆ ಉಡುಗೊರೆ ಕೊಡುತ್ತಾರೆ. ಪಾತ್ರಧಾರಿ ಸಾಯುತ್ತಿದ್ದರೂ ಎದ್ದು ತೆಗೆದುಕೊಂಡು, ಮತ್ತೆ ಮಲಗಿ ಸಾಯಬೇಕು! ಮಾವ ಬಂದರು, ಅಳಿಯನಿಗೆ ಟೋಪಿ ಹಾಕಿದರು, ಫೋಟೋ ತೆಗೆಸಿಕೊಂಡರು. ಅವರ ಹಿಂದೆ ಸೋದರತ್ತೆ. ಅವರ ಹಿಂದೆ ಟಿಕೋಟಾದಿಂದ ಬಂದ ಗೆಳೆಯರು, ಆರು ಮಂದಿ. ತಂಗಿಯನ್ನು ಬೀದಿಗೆ ತಳ್ಳಿದ ಪಾಪಿ ಅಣ್ಣ ಹಲ್ಲು ಕಿರಿದು ಎಲ್ಲರಿಗೂ ನಮಸ್ಕಾರ ಮಾಡುತ್ತಿದ್ದ. ಎಲ್ಲ ಮುಗಿದು ಪೇಟಿ ಮತ್ತೆ ಶುರುವಾದಾಗ ನನ್ನ ತಲೆಯಲ್ಲಿ ಒಂದು ಅಕ್ಷರವೂ ಉಳಿದಿರಲಿಲ್ಲ.

ಬಲಕ್ಕೆ ನೋಡಿದೆ. ಪರದೆಯ ಮರೆಯಲ್ಲಿ ಕಾಕಾ. ಕೈಯಲ್ಲಿ ಪುಸ್ತಕ. ಅವರೂ ನನ್ನನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ಯಾರೂ ಕೇಳದೆಯೇ ಗುಡುಗಿದ ಮನುಷ್ಯ ಪುಸ್ತಕ ಮುಚ್ಚಿದರು! ಬಾಯಿಯನ್ನೂ ಮುಚ್ಚಿದರು. ನಾನು ಕಣ್ಣಲ್ಲೇ ಬೇಡಿಕೊಂಡೆ. ಜನ ಗುಜುಗುಜು ಶುರುಮಾಡಿದರು. ಬೆಂಗಳೂರಿನವರು ಫೋನ್ ಕಿವಿಗಿಟ್ಟುಕೊಂಡು ಎದ್ದರು. ನನ್ನ ಕಣ್ಣೆದುರೇ ಕುರ್ಚಿ ಖಾಲಿಯಾಯಿತು.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಕಾಲಿನಿಂದ ಹತ್ತಿತು. ಕಾಕಾನ ಮೇಲೆ, ಟಾವೆಲ್ಲಿನ ಮೇಲೆ, ಮಂದಿ ಏನಂತಾರೆ ಎಂದ ಅಪ್ಪನ ಮೇಲೆ. ಎದುರಿಗೆ ಹೊಸ ಟೋಪಿ ಹಾಕಿಕೊಂಡ ಅಣ್ಣ ನಿಂತಿದ್ದ.

‘ಅಣ್ಣಾ, ಹೇಳಾಕಂತ ಭಾಳ ತಂದಿದ್ನಿ. ಎಲ್ಲಾ ಮರತ್ ಹೋತು. ನಿನ್ನ ಮಾರಿ ನೋಡಿದ್ರ ಈಗ ಸಿಟ್ಟೂ ಬರವಲ್ದು. ನಾ ಹೋಗ್ತೇನಿ.’

ಅಷ್ಟೇ ಅಂದೆ. ದನಿ ಎತ್ತಲಿಲ್ಲ. ಹೆಣ್ಣುಮಕ್ಕಳ ಕಡೆಯಿಂದ ಒಬ್ಬ ಮುದುಕಿ ಎದ್ದು ನಿಂತು ಕೂಗಿದಳು: ‘ಹೋಗಬ್ಯಾಡ ನನ್ನವ್ವಾ! ನಮ್ಮ ಮನೀಗಿ ಬಾ!’ ಅಣ್ಣನ ಪಾತ್ರಧಾರಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ನಿಜವಾಗಿಯೂ ಅಳುತ್ತಿದ್ದ. ಆದರೆ ಕೆಂಪು ಕುರ್ಚಿ ಖಾಲಿ ಇತ್ತು, ಕೊನೆಯವರೆಗೂ ಖಾಲಿ ಇತ್ತು. ಆ ಪಾತ್ರಕ್ಕೆ ಬೇರೆಯವರು ಸಿಕ್ಕರು ಎಂದು ಮೂರು ದಿನಕ್ಕೆ ತಿಳಿಯಿತು.

ನಾಟಕ ಮುಗಿದ ಕೂಡಲೇ ಕಾಕಾನನ್ನು ಹಿಡಿದು ಕೇಳಿದೆ. ‘ಯಾಕ ಎತ್ತಿಕೊಡಲಿಲ್ರಿ? ಮಂದಿಗೆಲ್ಲಾ ಕೊಟ್ರಿ. ನನಗ ಒಬ್ಬಾಕಿಗೆ ಯಾಕ ಕೊಡಲಿಲ್ಲ?’

‘ಹಸಿವ್ಯಾಗೈತಿ, ನಡಿಯಬೇ’ ಎಂದರು.

ಹಸಿವಂತೆ! ಅಂದಿನಿಂದ ನಾನು ಮಾತು ಬಿಟ್ಟೆ. ಎರಡು ತಿಂಗಳು, ಒಂದೇ ಮನೆಯಲ್ಲಿ, ಎದುರಾದರೆ ಗೋಡೆ ನೋಡುತ್ತಿದ್ದೆ. ಒಂದು ದಿನ ಅವ್ವ ಪಾತ್ರೆ ತಿಕ್ಕುತ್ತ, ‘ನಿಮ್ಮ ಕಾಕಾ ಸೀಟಿ ಊದೂದು ಬಿಟ್ಟಾನ. ಚಾ ಆರಿ ತಣ್ಣಗಾದ್ರೂ ಸುಮ್ಮ ಕುಂತಿರ್ತಾನ’ ಎಂದಳು. ನನಗೇನು ಎಂದೆ.

ಆಮೇಲೆ ಧಾರವಾಡದ ಒಂದು ನಾಟಕ ತಂಡ ಹೊಸ ಕಲಾವಿದರನ್ನು ಆರಿಸುತ್ತಿದೆ ಎಂದು ತಿಳಿಯಿತು. ಒಂದು ದೃಶ್ಯ ಮಾಡಿ ತೋರಿಸಬೇಕು. ನನಗೆ ಬರುವುದು ಆ ತಂಗಿಯ ಮಾತೇ. ಪುಸ್ತಕ ಬೇಕಿತ್ತು. ಕಾಕಾ ಹೊರಗೆ ಹೋದಾಗ ಅವರ ಟ್ರಂಕ್ ತೆಗೆದೆ. ಹಳೇ ಖಾಕಿ ಅಂಗಿಯ ಕೆಳಗೆ ಪುಸ್ತಕ ಸಿಕ್ಕಿತು. ಮೂವತ್ತು ವರ್ಷ ಅದೇ ನಾಟಕ, ಅದೇ ಪುಸ್ತಕ. ಅಂಚಿನಲ್ಲೆಲ್ಲ ಪೆನ್ಸಿಲ್ ಬರಹ. ‘ಮಲ್ಲು ಇಲ್ಲಿ ಮರೀತಾನ. ಎತ್ತಿಕೊಟ್ಟೆ.’ ಇನ್ನೊಂದು ಪುಟದಲ್ಲಿ ಇನ್ನೊಂದು ಹೆಸರು, ‘ಎತ್ತಿಕೊಟ್ಟೆ. ಮಂದಿ ನಕ್ಕರು.’ ಎಣಿಸಿದೆ. ಏಳು ಹೆಸರು. ಏಳನೆಯದರ ಕೆಳಗೆ ಹೀಗಿತ್ತು: ‘ನಾ ಗಡಬಡಿ ಮಾಡಿದೆ. ಸ್ವಲ್ಪ ತಡದಿದ್ರ ತಾನ ಹೇಳತಿದ್ದ. ಎಲ್ಲರನ್ನೂ ನಾನ ಕೆಡಿಸಿದೆ.’

ನಾಲ್ಕನೆಯ ದೃಶ್ಯದ ಪುಟ ತಿರುಗಿಸಿದೆ. ‘ಅಣ್ಣಾ’ ಎಂಬಲ್ಲಿ ಗೆರೆ. ಪಕ್ಕದಲ್ಲಿ ತಾಲೀಮಿನ ಮೊದಲ ದಿನದ ತಾರೀಖು. ‘ನಮ್ಮ ಹುಡುಗಿ ಇಲ್ಲಿ ಮರೀತಾಳ. ಎತ್ತಿಕೊಡಬಾರದು. ಜೀವ ಹೋದರೂ ಕೊಡಬಾರದು. ಆಕಿ ಹತ್ರ ಐತಿ.’

ಟ್ರಂಕಿನ ಮುಂದೆ ಕುಳಿತು ಅತ್ತೆ. ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಅಳುತ್ತಲೇ ಬೈದೆ. ಕೆಂಪು ಕುರ್ಚಿಯನ್ನು ನಾನು ಇನ್ನೂ ಮರೆತಿಲ್ಲ, ಅದರ ಸಿಟ್ಟು ಇನ್ನೂ ಇದೆ. ಆದರೂ ಸಂಜೆ ಕಾಕಾನ ಕೋಣೆಯ ಬಾಗಿಲಲ್ಲಿ ನಿಂತು ಗೋಡೆ ನೋಡದೆ ಹೇಳಿದೆ: ‘ನಾಳೆ ಧಾರವಾಡಕ್ಕ ಹೊಂಟೀನ್ರಿ. ಬರ್ತೀರೇನು?’ ಅವರು ಎದ್ದು ಅಂಗಿ ಹುಡುಕತೊಡಗಿದರು.

ಧಾರವಾಡದಲ್ಲಿ ಏನಾಯಿತು ಎಂದು ಕೇಳಬೇಡಿ, ಅವರಿನ್ನೂ ತಿಳಿಸಿಲ್ಲ. ನಾನು ಹೇಳಬೇಕಾದದ್ದು ಹೋಗುವಾಗಿನ ಬಸ್ಸಿನ ಮಾತು. ಎಳೆಯ ಕಂಡಕ್ಟರ್ ಬಂದಾಗ ಕಾಕಾ ತಾವಾಗಿ, ‘ಒಂದ್ ಧಾರವಾಡ ಕೊಡಪಾ’ ಎಂದು ಟಿಕೆಟ್ ತೆಗೆದುಕೊಂಡರು. ಕೊಲ್ಹಾರದ ಸೇತುವೆ ಬಂದಾಗ ನಾನು ಮೆಲ್ಲಗೆ ಮಾತು ಹೇಳಿಕೊಳ್ಳತೊಡಗಿದೆ. ನಡುವೆ ತಪ್ಪಿತು. ಹಳೇ ಚಾಳಿ, ಬಲಕ್ಕೆ ತಿರುಗಿ ನೋಡಿದೆ.

ಕಾಕಾ ಏನೂ ಕೇಳಿಸದವರ ಹಾಗೆ ಕಿಟಕಿಯ ಹೊರಗೆ ನೀರು ನೋಡುತ್ತ ಕುಳಿತಿದ್ದರು. ಒಂದಿಷ್ಟೂ ಹೆಚ್ಚಿಲ್ಲ, ಒಂದಿಷ್ಟೂ ಕಡಿಮೆಯಿಲ್ಲ. ಯಾವ ಚೆಕಿಂಗ್‌ನವರೂ ಹಿಡಿಯಲಾರರು. ಆದರೆ ತೊಡೆಯ ಮೇಲಿನ ಅವರ ಮುಷ್ಟಿ ನನಗೆ ಕಂಡಿತು. ಹೊಚ್ಚ ಹೊಸ ಟಿಕೆಟ್ ಅದರೊಳಗೆ ಮುದ್ದೆಯಾಗಿ, ಬೆವರಿನಲ್ಲಿ ಒದ್ದೆಯಾಗಿ ಹೋಗಿತ್ತು.